ಹಳೇ ಕಿವಿಯ ಲೈಸೆನ್ಸು

ಗಿರಣಿ ನಡೆಸುವವರಿಗೆ ಕಿವಿ ಮಂದವಾಗುವುದು ಹೊಸ ಸಂಗತಿಯಲ್ಲ. ಇಪ್ಪತ್ತು ವರ್ಷ ಕಲ್ಲಿನ ಗರಗರ, ಪಟ್ಟಾದ ಚಟಚಟ ಕೇಳಿದ ಮೇಲೆ ಕಿವಿ ಕೂಡ ಒಂದು ದಿನ ಸಾಕಪ್ಪಾ ಸಾಕು ಎಂದು ಕೈಚೆಲ್ಲುತ್ತದೆ. ಬೆಟಗೇರಿಯ ಫಕೀರವ್ವನಿಗೆ ನಲವತ್ತೆಂಟಕ್ಕೇ ಹಾಗಾಯಿತು. ಜೋಳ ತಂದವರ ಡಬ್ಬಿಗೆ ಪಕ್ಕದವರ ಗೋದಿ ಹಿಟ್ಟು ತುಂಬಿ ಕಳಿಸುವ ಮಟ್ಟಕ್ಕೆ ಬಂದಾಗ ಯಜಮಾನರು ಹೆಂಡತಿಯನ್ನು ಹುಬ್ಬಳ್ಳಿಗೆ ಕರೆದೊಯ್ದು ಕಿವಿಮಿಷನ್ನು ಹಾಕಿಸಿದರು. ಅದು ಎರಡು ಸಾವಿರದ ಮೂವತ್ತೈದನೆಯ ಇಸವಿ.

ಮಿಷನ್ನೆಂದರೆ ಸದ್ದನ್ನು ಬರೀ ದೊಡ್ಡದು ಮಾಡುವ ಹಳೆಯ ಕಾಲದ ಯಂತ್ರವಲ್ಲ. ಹುಣಸೆಬೀಜದಷ್ಟು ಗಾತ್ರದ ಕಂಪ್ಯೂಟರು, ಕಿವಿಯ ಹಿಂದೆ ಅಂಟಿಕೊಂಡು ಕೂರುತ್ತದೆ. ಕೆಟ್ಟ ಕಿವಿಗೆ ಹತ್ತು ಸದ್ದಿನಲ್ಲಿ ಮೂರು ತಲುಪಿದರೆ ಹೆಚ್ಚು. ಉಳಿದ ಏಳನ್ನು ಈ ಕಂಪ್ಯೂಟರು ತಾನೇ ಊಹಿಸಿ, ತುಂಬಿ, ಮೂಳೆಯ ಮೂಲಕ ನರಕ್ಕೆ ದಾಟಿಸುತ್ತದೆ. ಊಹಿಸಬೇಕಾದರೆ ಕಲಿಯಬೇಕು. ಮನೆಯಲ್ಲಿ ಯಾರ ದನಿ ಹೇಗೆ, ಯಾರು ಯಾವ ಹೊತ್ತಿಗೆ ಏನು ಕೇಳುತ್ತಾರೆ, ಯಾರು ಮಾತಿನ ಕೊನೆಯನ್ನು ನುಂಗುತ್ತಾರೆ, ಇದನ್ನೆಲ್ಲ ವರ್ಷಗಟ್ಟಲೆ ಕೇಳಿ ಕೇಳಿ ಅದು ಪಳಗಬೇಕು. ಫಕೀರವ್ವನ ಮಿಷನ್ನು ಹದಿನಾಲ್ಕು ವರ್ಷ ಪಳಗಿತ್ತು. ಅಷ್ಟರಲ್ಲಿ ಅವಳಿಗೆ ತಾನು ಕಿವುಡಿ ಎಂಬುದೇ ಮರೆತುಹೋಗಿತ್ತು.

ಆದರೆ ಎಷ್ಟು ಪಳಗಿದರೂ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಬೋರ್ಡೇ. ಹಿಟ್ಟಿನ ಧೂಳು ಯಾವ ಸಂದಿಯನ್ನೂ ಬಿಡುವುದಿಲ್ಲ. ಯಜಮಾನರು ಎದೆನೋವಿನಿಂದ ತೀರಿಕೊಂಡ ಒಂದೂವರೆ ವರ್ಷಕ್ಕೆ ಮಿಷನ್ನೂ ಕೆಮ್ಮತೊಡಗಿತು. ಒಂದು ಮಾತು ಬಂದರೆ ಎರಡು ಮಾತು ಗುಂಯ್ ಎನ್ನುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಪೂರಾ ಮೌನವಾಯಿತು.

ಹೊಸ ಮಿಷನ್ನು ತರುವುದು ಕಷ್ಟದ ಮಾತಾಗಿರಲಿಲ್ಲ. ಕಷ್ಟವಿದ್ದದ್ದು ಲೈಸೆನ್ಸಿನದು. ಮಿಷನ್ನನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಹದಿನಾಲ್ಕು ವರ್ಷದ ಕಲಿಕೆಯೆಲ್ಲ ಅದರ ಹೊಟ್ಟೆಯೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಬಿಡಿಯಾಗಿ ಕೊಂಡ ಲೈಸೆನ್ಸಾದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಮಿಷನ್ನಿನ ಜೊತೆಗೇ ಕಂಪನಿಯವರು ತುಂಬಿ ಕಳಿಸಿದ ಲೈಸೆನ್ಸು ಹಾಗಲ್ಲ. ಅದು ಮೊದಲ ಬೋರ್ಡಿನ ಜೊತೆ ಹುಟ್ಟಿ ಅದರ ಜೊತೆಗೇ ಸಾಯಬೇಕೆಂಬುದು ಕರಾರು. ಫಕೀರವ್ವನದು ಈ ಎರಡನೆಯ ಬಗೆಯದು.

ಮಗ ಮುತ್ತಣ್ಣ ಅವಳನ್ನು ಹುಬ್ಬಳ್ಳಿಯ ವರ್ಗಾವಣೆ ಕೇಂದ್ರಕ್ಕೆ ಕರೆತಂದ. ಮೂವತ್ತಾರರ ಮುತ್ತಣ್ಣ ಮದುವೆಯ ಮಾತೆತ್ತಿದರೆ ಎದ್ದುಹೋಗುವ ಗಂಡಸು. ತಂದೆಯದೇ ಎತ್ತರ, ತಂದೆಯದೇ ನಡಿಗೆ. ಈಗ ಗಿರಣಿಯೆಲ್ಲ ಅವನ ಮೇಲೆಯೇ ಬಿದ್ದಿತ್ತು.

ಕೇಂದ್ರದ ತಂತ್ರಜ್ಞೆಯ ಹೆಸರು ತಬಸ್ಸುಮ್. ಅವಳು ಹಳೆಯ ಮಿಷನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದಳು. ಹಾಳೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಫಕೀರವ್ವನ ಮುಂದೆ ಹಿಡಿದಳು: ‘ಕೆಳಗಿನ ಚೀಟಿ ಮ್ಯಾಲೆ ಏನ್ ಬಳದೀರಿ? ನಂಬರ ಕಾಣವಲ್ದು.’

“ಬಳಿಯೂದೇನ ತಂಗಿ, ದಸರಾದ ಖಂಡೇಪೂಜಿಗೆ ಕುಂಕುಮ ಹಚ್ಚೀನಿ,” ಎಂದಳು ಫಕೀರವ್ವ. “ಕಲ್ಲಿಗೆ ಹಚ್ತೀವಿ, ತಕ್ಕಡಿಗೆ ಹಚ್ತೀವಿ. ಕಿವಿ ಏನ್ ಪಾಪ ಮಾಡೈತಿ?”

ತಬಸ್ಸುಮ್ ನಗುತ್ತ ಹತ್ತಿಗೆ ಸ್ಪಿರಿಟ್ ಹಾಕಿ ಹದಿನಾಲ್ಕು ವರ್ಷದ ಕುಂಕುಮವನ್ನು ಪದರ ಪದರವಾಗಿ ಒರೆಸಿದಳು. ಇಪ್ಪತ್ತೈದು ಅಕ್ಷರದ ಸಂಕೇತ ಮಸುಕಾಗಿ ಮೂಡಿತು.

“ಹೊಸ ಲೈಸೆನ್ಸ ತಗೊಂಡ್ರ ಏನ್ ಆಕ್ಕೈತ್ರಿ?” ಎಂದು ಮುತ್ತಣ್ಣ ಕೇಳಿದ.

“ಅದು ಕೂಸಿನ ಕಿವಿ ಇದ್ದಂಗ್ರಿ. ಎಲ್ಲಾ ಮೊದಲಿಂದ ಕಲೀಬೇಕು. ಸಣ್ಣವರಾದ್ರ ಒಂದು ವರ್ಷಕ್ಕ ಹೊಂದಿಕೊಳ್ತಾರ. ಅಮ್ಮಾರ ವಯಸ್ಸಿನ್ಯಾಗ ಆಗೂದು ಕಡಿಮಿ. ಬರೇ ಕಾಳು ಸುರುವಿದಂಗ ಕೇಳತೈತಿ ನೋಡ್ರಿ, ಕಡೀತನಾನೂ.” ಅವಳು ನಿಯಮದ ಹಾಳೆಯನ್ನು ಅವನತ್ತ ತಿರುಗಿಸಿದಳು. “ಕಣ್ಣು, ಕಿವಿ, ಕೈಕಾಲಿನ ಮಿಷನ್‌ಗಷ್ಟ ಒಂದು ರಿಯಾಯ್ತಿ ಐತಿ. ಬೋರ್ಡ್ ಸತ್ತ ಮೂವತ್ತು ದಿನದಾಗ ಒಂದ ಸಲ, ಬರೇ ಒಂದ ಸಲ, ಹೊಸದಕ್ಕ ಸಾಗಸಬಹುದು. ಹಳೇದು ನಮ್ಮ ಕಣ್ಣ ಮುಂದ ಪೂರಾ ಬಂದ್ ಆಗ್ಬೇಕು, ಆಮ್ಯಾಲ ಹೊಸದು ಚಾಲೂ. ಮತ್ತ ಸತ್ತವರ ದನಿ ಇದ್ರ ಮರಣ ನೋಂದಣಿ ನೋಡಿ, ಹೆಸರು ತಾಳೆ ಹಾಕಿ ತಗದು ಹಾಕತೈತಿ. ಇಲ್ಲಂದ್ರ ಇಲ್ಲದವರು ಮಾತಾಡಿದಂಗ ಕೇಳಿ ಮಂದಿ ಹೆದರ್ತಾರಂತ ಹಿಂಗ ಕಾನೂನು ಮಾಡ್ಯಾರ.”

ಮುತ್ತಣ್ಣ ಅಷ್ಟನ್ನೂ ಬರೆದು ತಾಯಿಗೆ ತೋರಿಸಿದ. ಫಕೀರವ್ವ ಕೊನೆಯ ಸಾಲನ್ನು ಎರಡು ಸಲ ಓದಿ, ಹೆಬ್ಬೆಟ್ಟು ಒತ್ತಿದಳು.

ಕೆಲಸ ಮುಕ್ಕಾಲು ತಾಸು ಹಿಡಿಯಿತು. ಹಳೆಯ ಮಿಷನ್ನಿನ ಸಣ್ಣ ಹಸಿರು ದೀಪ ಆರಿತು. ಪರದೆಯ ಮೇಲೆ ‘ಹೆಸರು ತಾಳೆಯಾದ ದನಿಗಳು: ಎರಡು. ತೆಗೆಯಲಾಗಿದೆ’ ಎಂದು ಬಂತು. ಎರಡರಲ್ಲಿ ಒಂದು ಅತ್ತೆಯದು, ಇನ್ನೊಂದು ಯಜಮಾನರದು ಎಂದುಕೊಂಡು ಫಕೀರವ್ವ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೂತಳು. ನಿಜದಲ್ಲಿ ಎರಡನೆಯದು ಅವಳ ಹಿರಿಯ ಮೈದುನನದು. ಅದನ್ನು ಆಗ ಯಾರೂ ನೋಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮೋಟಾರು ಊಂ ಎಂದು ಇಳಿಯುತ್ತ ಇಳಿಯುತ್ತ ನಿಲ್ಲುವ ಹೊತ್ತಿಗೆ, ಆ ಇಳಿಯುವ ಸದ್ದಿನೊಳಗಿಂದ ಯಜಮಾನರು ಮಾತಾಡಿದರು.

“ಕೇಳಿದೇನು? ಸಜ್ಜಿ ಹಿಟ್ಟು ಒಂದೀಟು ಮನೀಗೆ ತಗದಿಡು.”

ಫಕೀರವ್ವನಿಗೆ ಮೊದಲು ಆದದ್ದು ಹೆದರಿಕೆಯಲ್ಲ, ನಾಚಿಕೆ. ತಲೆಯೆಲ್ಲ ಹಿಟ್ಟಾಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಸರಸರನೆ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡಳು. ಸುತ್ತ ನೋಡಿದರೆ ಕಾಳಿನ ಚೀಲ, ತಕ್ಕಡಿ, ಬಾಗಿಲಲ್ಲಿ ಬಿಸಿಲು. ಮುತ್ತಣ್ಣ ಹೊರಗೆ ಕಂಬದ ಕಡೆ ನೋಡುತ್ತ ನಿಂತಿದ್ದ. ಅವಳು ಒಳಗೆ ಹೋಗಿ ಒಂದು ಸೇರು ಸಜ್ಜೆ ಹಿಟ್ಟು ತೆಗೆದಿಟ್ಟಳು.

ಹಳೆಯ ಬೋರ್ಡು ನಿಧಾನದ್ದು, ಕೇಳಿದ ಮಾತಿನ ಸಂದಿ ತುಂಬುವಷ್ಟರಲ್ಲೇ ಸುಸ್ತಾಗುತ್ತಿತ್ತು. ಹೊಸದಕ್ಕೆ ಅದರ ಹತ್ತುಪಟ್ಟು ಕಸುವು. ಕಲಿಕೆ ಹಳೆಯದು, ಕಸುವು ಹೊಸದು. ಅಸ್ಪಷ್ಟವಾಗಿ ಏನೇ ಕೇಳಿಸಲಿ, ಇದು ಯಾರಿರಬಹುದು, ಏನಂದಿರಬಹುದು ಎಂದು ಅದು ಒಳಗೆ ಹುಡುಕುತ್ತಿತ್ತು. ಹುಡುಕಿದಾಗೆಲ್ಲ ಎಲ್ಲಕ್ಕಿಂತ ಹೆಚ್ಚು ತಾಸು ಕೇಳಿದ ದನಿಯೇ ಮೊದಲು ಸಿಗುತ್ತಿತ್ತು. ಇದೆಲ್ಲ ಫಕೀರವ್ವನಿಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಹೋದವರು ಬಂದಿದ್ದರು.

ಯಜಮಾನರು ದೊಡ್ಡ ಮಾತುಗಳನ್ನೇನೂ ಆಡುತ್ತಿರಲಿಲ್ಲ. ಇದ್ದಾಗಲೂ ಆಡಿದವರಲ್ಲ. ಬಚ್ಚಲಲ್ಲಿ ನೀರು ಬೀಳುವಾಗ “ನೀರು ಕಾದಾವೇನು” ಎನ್ನುತ್ತಿದ್ದರು. ಫ್ಯಾನು ತಿರುಗುವಾಗ ಬೆನ್ನು ಹಿಡಿದಿದೆ ಎನ್ನುತ್ತಿದ್ದರು. ಮುಂಜಾನೆ ಹಾಲಿನ ಗಾಡಿ ಹೋದ ಸದ್ದಿಗೆ ಅವರ ಕೆಮ್ಮು ಕೇಳಿಸುತ್ತಿತ್ತು, ಎರಡು ಸಲ ಸಣ್ಣದು, ಒಂದು ಸಲ ದೊಡ್ಡದು. ಫಕೀರವ್ವ ಕೆಲಸವಿಲ್ಲದಾಗಲೂ ಗಿರಣಿಯಲ್ಲೇ ಕೂರತೊಡಗಿದಳು. ಓಣಿಯ ಹೆಂಗಸರು ಮಾತಾಡಿಸಿದರೆ ಒಲೆಯ ಮೇಲೆ ಏನೋ ಇದೆ ಎಂದು ಎದ್ದುಬಿಡುತ್ತಿದ್ದಳು. ಮಗನಿಗೆ ಹೇಳಲಿಲ್ಲ. ಹೇಳಿದರೆ ಅವನು ಮಿಷನ್ನನ್ನು ರಿಪೇರಿಗೆ ಒಯ್ಯುತ್ತಾನೆ, ರಿಪೇರಿ ಎಂದರೆ ಏನೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಈ ವಯಸ್ಸಿನಲ್ಲಿ ಕದ್ದು ಸುಖಪಟ್ಟಳು ಎಂದರೂ ತಪ್ಪಲ್ಲ.

ಒಂದು ಸಂಗತಿ ಮಾತ್ರ ಅವಳ ಗಮನಕ್ಕೆ ಬರಲಿಲ್ಲ, ಅಥವಾ ಬಂದರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಯಜಮಾನರ ಮಾತು ಹೆಚ್ಚಿದ ಹಾಗೆ ಮಗನ ಮಾತು ಕಡಿಮೆಯಾಗುತ್ತಿತ್ತು. ಮೂವತ್ತಾರು ವರ್ಷದ ಮಗ ಮೊದಲೇ ಮಿತಭಾಷಿ, ಇನ್ನೂ ಗಂಭೀರವಾಗಿದ್ದಾನೆ ಎಂದುಕೊಂಡಳು.

ಮೂರು ತಿಂಗಳಾದ ಮೇಲೆ ಒಂದು ಗುರುವಾರ ಗಿರಣಿಯಲ್ಲಿ ಗದ್ದಲವಿತ್ತು. ಹಿಂದಿನ ದಿನ ಯಾರದೋ ಜೋಳ ಮಳೆಗೆ ಸಿಕ್ಕು ನೆನೆದು ಬಂದಿತ್ತು, ಕಲ್ಲಿಗೆ ಭಾರವಾಗಿ, ಮೋಟಾರಿನಿಂದ ಗಾಲಿಗೆ ಸುತ್ತಿದ ಪಟ್ಟಾ ಪದೇ ಪದೇ ಜಾರುತ್ತಿತ್ತು. ಜಾರುವ ಪಟ್ಟಾವನ್ನು ಮೋಟಾರು ನಿಲ್ಲಿಸಿಯೇ ಏರಿಸಬೇಕು ಎಂಬುದು ಎಲ್ಲ ಗಿರಣಿಯವರಿಗೂ ಗೊತ್ತು, ಯಾರೂ ಹಾಗೆ ಮಾಡುವುದಿಲ್ಲ. ಓಡುತ್ತಿರುವಾಗಲೇ ಕಟ್ಟಿಗೆಯಿಂದ ಒತ್ತಿ ಕೂರಿಸುತ್ತಾರೆ. ಮುತ್ತಣ್ಣನೂ ಕಟ್ಟಿಗೆ ಹಿಡಿದು ಗಾಲಿಯ ಹಿಂದೆ ಬಗ್ಗಿದ. ಫಕೀರವ್ವ ಕಾಳು ಸುರಿಯುವ ಬುಟ್ಟಿಯ ಹತ್ತಿರ, ಸ್ವಿಚ್ಚಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು.

ಗಾಲಿಯ ಹಿಂದಿನಿಂದ ಯಜಮಾನರು ಹೇಳಿದರು: “ಜ್ವಾಳ ಹಸಿ ಅದಾವ. ನಿದಾನ ಬಿಡು.”

“ಹೂಂರಿ,” ಎಂದು ಫಕೀರವ್ವ ಬುಟ್ಟಿಯ ಬಾಯಿಯನ್ನು ಅರ್ಧ ಮುಚ್ಚಿದಳು. ಇಂಥ ಹದವೆಲ್ಲ ಅವರಿಗೇ ಗೊತ್ತು ಎಂದು ಒಳಗೊಳಗೇ ಹಿಗ್ಗಿದಳು.

“ಇನ್ನೂ ನಿದಾನ. ಇನ್ನೂ ನಿದಾನ.”

ಗಿರಾಕಿ ಹೆಂಗಸೊಬ್ಬಳು ಅವಳನ್ನು ನೂಕಿಕೊಂಡು ಹೋಗಿ ಸ್ವಿಚ್ಚು ಒತ್ತಿದಾಗಲೇ ಫಕೀರವ್ವ ತಿರುಗಿ ನೋಡಿದ್ದು. ಪಟ್ಟಾದ ಮೇಲೆ ರಕ್ತವಿತ್ತು. ಮುತ್ತಣ್ಣನ ಎಡಗೈ ಪಟ್ಟಾಕ್ಕೂ ಗಾಲಿಗೂ ನಡುವೆ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮರುದಿನ ಬೆಳಿಗ್ಗೆ ಅವನಿಗೆ ಪೂರ್ತಿ ಎಚ್ಚರವಾದಾಗ ಫಕೀರವ್ವ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಳು. ಅವನು ಅವಳ ಮುಖ ನೋಡಿದ. ತುಟಿ ಅಲುಗಿತು, ಅದು ‘ಅವ್ವಾ’ ಎಂದದ್ದು ಯಾರಿಗೂ ಕಾಣುವಂತಿತ್ತು. ಅವಳ ಕಿವಿಗೆ ಆ ತುಟಿಗಳಿಂದ ಬಂದದ್ದು ಯಜಮಾನರ ದನಿ.

“ಮುತ್ಯಾ ಬಂದಾನೇನು?”

ಮಗನ ಬಾಯಿಂದ ಗಂಡ ಮುತ್ಯಾ ಎಂದು ಮಗನ ಬಗ್ಗೆಯೇ ಕೇಳುತ್ತಿದ್ದ. ತುಟಿ ಇನ್ನೂ ಅಲುಗುತ್ತಿತ್ತು. “ಎಲ್ಲಿ ಅದಾನ? ಇನ್ನೂ ಬಂದಿಲ್ಲೇನು?”

ಅವಳು ಮಿಷನ್ನನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಕೋಣೆ ಸ್ತಬ್ಧವಾಯಿತು. ಆಮೇಲೆ ನರ್ಸಿನ ಹತ್ತಿರ ಪೆನ್ನು ಬೇಡಿ, ಔಷಧದ ಚೀಟಿಯ ಬೆನ್ನಿಗೆ ಬರೆದಳು: ‘ನಿನ್ನ ಬಾಯಿಲೆ ಅವರು ಮಾತಾಡ್ತಾರ. ಮೂರು ತಿಂಗಳಾತು. ನನಗ ನೀ ಕೇಳೂದೇ ಇಲ್ಲ.’ ಮುತ್ತಣ್ಣ ಅದನ್ನು ಓದಿದ, ಮತ್ತೆ ಓದಿದ. ಬಲಗೈಯಲ್ಲಿ ಮಡಚಿ ದಿಂಬಿನ ಕೆಳಗಿಟ್ಟು ಗೋಡೆಯ ಕಡೆ ತಿರುಗಿದ.

ಹತ್ತು ದಿನದ ಮೇಲೆ ತಾಯಿ ಮಗ ಮತ್ತೆ ಹುಬ್ಬಳ್ಳಿಯ ಕೇಂದ್ರದಲ್ಲಿದ್ದರು, ಅಲ್ಲಿಯ ತನಕ ಫಕೀರವ್ವ ಮಿಷನ್ನು ತೊಟ್ಟಿರಲಿಲ್ಲ. ತಬಸ್ಸುಮ್ ಮಿಷನ್ನನ್ನು ತಂತಿಗೆ ಹಚ್ಚಿ ಪರದೆಯಲ್ಲಿ ಎರಡು ಸಾಲು ತೆರೆದಳು. ಎಡಗಡೆ ಕಿವಿಗೆ ಬಂದ ಸದ್ದು, ಬಲಗಡೆ ಮಿಷನ್ನು ಅವಳಿಗೆ ಕೇಳಿಸಿದ್ದು. ತೊಟ್ಟುಕೊಂಡ ಕೊನೆಯ ಮೂರು ದಿನದ್ದು ಮಾತ್ರ ಉಳಿಯುತ್ತದೆ, ಅದಕ್ಕೆ ಹಿಂದಿನದನ್ನು ಅದೇ ಅಳಿಸಿಕೊಳ್ಳುತ್ತದೆ ಎಂದಳು. ಗುರುವಾರದ ಮಧ್ಯಾಹ್ನ ಸಿಕ್ಕಿತು.

ಫಕೀರವ್ವ ಕನ್ನಡಕ ಹಾಕಿಕೊಂಡು ತಾನೇ ಓದಿದಳು. ಎಡಗಡೆ: ಅವ್ವಾ ಬಂದ್ ಮಾಡು. ಬಲಗಡೆ: ಜ್ವಾಳ ಹಸಿ ಅದಾವ, ನಿದಾನ ಬಿಡು. ಎಡಗಡೆ: ಅವ್ವಾ ಕೈ, ಅವ್ವಾ ಕೈ. ಬಲಗಡೆ: ಇನ್ನೂ ನಿದಾನ, ಇನ್ನೂ ನಿದಾನ.

ಅವಳಿಂದ ಮುಂದೆ ಓದಲಾಗಲಿಲ್ಲ. ಮುತ್ತಣ್ಣ ಪರದೆ ನೋಡಲಿಲ್ಲ, ಬ್ಯಾಂಡೇಜಿನ ದಾರ ನೋಡುತ್ತ ಕೂತ.

ತಬಸ್ಸುಮ್ ದನಿಗಳ ಪಟ್ಟಿ ತೆಗೆದು, ಮಿಷನ್ನನ್ನು ಅವಳ ಕಿವಿಗೆ ಹಚ್ಚಿದಳು. ಹೆಂಗಸರ ದನಿಗೆ ತೊಂದರೆಯಿರಲಿಲ್ಲ, ತಬಸ್ಸುಮಳ ಮಾತು ಸರಿಯಾಗಿಯೇ ಕೇಳಿಸಿತು. “ಇಲ್ಲಿ ನೋಡ್ರಿ ಅಮ್ಮಾರ. ಎರಡನೇ ದನಿ, ಮುತ್ತಣ್ಣ. ಮೂರನೇದು ನಿಮ್ಮ ಅತ್ತಿಯವರದು, ನಾಲ್ಕನೇದು ಮೈದುನರದು ಇತ್ತು, ಎರಡೂ ತಗದೈತಿ. ಒಂದನೇ ದನಿಗೆ ಹೆಸರೇ ಇಲ್ಲ. ಹೆಸರು ಇಲ್ಲಂದ್ರ ಮರಣದ ದಾಖಲಿಗೆ ತಾಳೆ ಆಗಲಿಲ್ಲ, ಹಂಗ ಉಳೀತು. ಅಪ್ಪ ಮಗನ ದನಿ ಭಾಳ ಸಮೀಪ ಅದಾವ, ಅದಕ್ಕ ಎರಡನೇದನ್ನ ಒಂದನೇದು ನುಂಗೈತಿ. ಮೊದಲ ಹಾಕಿದಾಗ ಹೆಸರು ಯಾಕ ಹೇಳ್ಲಿಲ್ರಿ?”

ಯಾಕೆ ಹೇಳಲಿಲ್ಲ ಎಂದರೆ ಏನು ಹೇಳುವುದು. ಅಂದು ಮಿಷನ್ನು ಹಾಕಿದವನು ಪ್ರತಿಯೊಂದು ದನಿ ಕೇಳಿಸಿ ‘ಇದು ಯಾರು, ನಿಮ್ಮ ಬಾಯಲ್ಲಿ ಹೇಳಿ’ ಎಂದಿದ್ದ. ತೊಡುವವರ ಬಾಯಿಂದಲೇ ಬಂದ ಹೆಸರನ್ನು ಮಾತ್ರ ಅದು ಒಪ್ಪುತ್ತಿತ್ತು. ಗಂಡನ ದನಿ ಬಂದಾಗ ಫಕೀರವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕುಬಿಟ್ಟಿದ್ದಳು. ಗಂಡನ ಹೆಸರು ಹೇಳುವುದುಂಟೇ? ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳಿಂದ ಹೇಳಿಸಿದವಳು ಅವಳು. ಯಜಮಾನರೂ ನಕ್ಕು “ಬಿಡ್ರಿ, ಹೆಸರಿಲ್ಲಂದ್ರ ನಾ ಏನ್ ಓಡಿ ಹೋಗ್ತೀನೇನು” ಎಂದಿದ್ದರು. ಮಿಷನ್ನು ಹಾಕುವವನು ಪಟ್ಟಿಯಲ್ಲಿ ಆ ಹೆಸರಿನ ಮನೆ ಖಾಲಿ ಬಿಟ್ಟು ಮುಂದಿನ ದನಿಗೆ ಹೋಗಿದ್ದ.

“ಈಗ ತಗೀಬೇಕಂದ್ರ?” ಎಂದಳು ಫಕೀರವ್ವ.

“ಈಗ್ಲೂ ಅದ. ನಿಮ್ಮ ಬಾಯಿಲೆ ಹೆಸರು ಹೇಳ್ಬೇಕು. ಹೇಳಿದ ಕೂಡ್ಲೆ ದಾಖಲಿಗೆ ತಾಳೆ ಆಗಿ ಹೋಗತೈತಿ.” ತಬಸ್ಸುಮ್ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು. “ಒಂದು ಮಾತು ಮೊದ್ಲ ಹೇಳ್ತೀನ್ರಿ. ನಿಮ್ಮ ಲೈಸೆನ್ಸಿನ ವರ್ಗಾವಣೆ ಮುಗದೈತಿ. ಹಳೇ ಬೋರ್ಡಿನ್ಯಾಗ ಏನೂ ಉಳದಿಲ್ಲ. ಇಲ್ಲಿಂದ ಹ್ವಾದ್ರ ಅವರ ದನಿ ಎಲ್ಲೂ ಇರಂಗಿಲ್ಲ.”

ಫಕೀರವ್ವ ಬಾಯಿ ತೆರೆದಳು. ಕೈ ತಾನಾಗಿ ಸೆರಗನ್ನು ಬಾಯಿಗೆ ಅಡ್ಡ ತಂದಿತು. ಮೂವತ್ತೆಂಟು ವರ್ಷ ಹೇಳದ ಹೆಸರು, ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿಕೊಟ್ಟ ಹೆಸರು. ಸತ್ತವರಿಗೆ ಇನ್ನೇನು ಆಯುಷ್ಯ ಎಂದು ಬುದ್ಧಿ ಹೇಳಿತು. ಇಲ್ಲಿ ಮಾತ್ರ ಅವ್ವನ ಮಾತೇ ನಿಜವಾಗಿತ್ತು. ಹೇಳಿದರೆ ಅವರು ಸಾಯುತ್ತಿದ್ದರು, ತನ್ನ ಕೈಯಾರೆ, ಎರಡನೆಯ ಸಲ.

ಮುತ್ತಣ್ಣ ತಾಯಿಯ ಕಡೆ ಬಗ್ಗಿ ಏನೋ ಹೇಳಿದ. “ಬೆನ್ನು ಹಿಡದೈತಿ, ಮನೀಗೆ ಹೋಗೂಣು ನಡಿ,” ಎಂದರು ಯಜಮಾನರು ಅವಳ ಕಿವಿಯಲ್ಲಿ. ದಣಿದ, ಸಣ್ಣಗಿನ ದನಿ. ಪರದೆಯ ಎಡಗಡೆಯ ಸಾಲಿನಲ್ಲಿ ‘ನಿನಗ ಆಗಲಿಲ್ಲಂದ್ರ ಬಿಡವ್ವ, ನಾ ಬರದು ತೋರಸ್ತೀನಿ’ ಎಂದು ಮೂಡಿತು.

ಅವಳು ಎರಡನ್ನೂ ನೋಡಿದಳು, ಮಗನ ಕೈಯನ್ನೂ ನೋಡಿದಳು. ಹಾಗೆಯೇ ನೇರವಾಗಿ ಆ ಹೆಸರು ಬಾಯಿಗೆ ಬರುವಂತಿರಲಿಲ್ಲ. ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವ ದಾರಿ ಅವಳ ಸೀಮೆಯಲ್ಲಿ ಒಂದೇ ಒಂದು ಇದೆ. ಮದುವೆಯ ದಿನ ನಾದಿನಿಯರು ಹೊಸ್ತಿಲಲ್ಲಿ ಅಡ್ಡ ನಿಂತಾಗ ಒಡಪು ಕಟ್ಟಿ, ಪದ್ಯದೊಳಗೆ ಹೆಸರಿಟ್ಟು ಹೇಳಬೇಕು. ಆಗಲೇ ದಾರಿ ಬಿಡುತ್ತಾರೆ. ಫಕೀರವ್ವ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಳು. ಸ್ವಲ್ಪ ಹೊತ್ತು ತುಟಿಯಲ್ಲೇ ಜೋಡಿಸಿಕೊಂಡು ಆಮೇಲೆ ರಾಗ ತೆಗೆದಳು.

“ಬೆಟಗೇರಿ ಗಿರಣ್ಯಾಗ ಬಿಳಿಜ್ವಾಳದ ಹಿಟ್ಟು,
ಮೂವತ್ತೆಂಟು ವರ್ಷ ಬಾಳೇ ಮಾಡೀನಿ ಹೆಸರು ಬಾಯಾಗ ಮುಚ್ಚಿಟ್ಟು,
ಅಂದಾನಪ್ಪನವರ ಹೆಸರ ಹೇಳ್ತೀನಿ, ಹೋಗಲಿ ನನ್ನ ಬಿಟ್ಟು.”

ತಬಸ್ಸುಮಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಪರದೆಯಲ್ಲಿ ಒಂದನೆಯ ದನಿಯ ಖಾಲಿ ಮನೆಯಲ್ಲಿ ‘ಅಂದಾನಪ್ಪ’ ಎಂದು ಬಂತು. ಕ್ಷಣದಲ್ಲೇ ಮರಣದ ದಾಖಲೆ ತಾಳೆಯಾಯಿತು.

“ಇನ್ನೊಂದು ಇರತೈತ್ರಿ,” ಎಂದಳು ಅವಳು ಮೆಲ್ಲಗೆ. “ತಗಿಯೂದಕ್ಕಿಂತ ಮೊದ್ಲ ಇದ ದನಿ ಹೌದೋ ಅಲ್ಲೋ ಅಂತ ಒಮ್ಮೆ ಕೇಳಸತೈತಿ. ಈಗ ನೀವು ಹೇಳಿದ್ದಕ್ಕ ಅವರು ಏನಂತಿದ್ರೋ ಅದನ್ನ ಕೇಳಸತೈತಿ. ಕೇಳಿ ಹೆಬ್ಬೆಟ್ಟು ಒತ್ತರಿ.”

ಫಕೀರವ್ವ ಕಣ್ಣು ಮುಚ್ಚಿದಳು. ತನ್ನ ಹೆಸರನ್ನು ಹೆಂಡತಿಯ ಬಾಯಲ್ಲಿ ಕೇಳಿ ಅವರು ಏನನ್ನಬಹುದು? ಬೈಯಬಹುದು, ನಗಬಹುದು. ಅವಳು ಕಾದಳು. ಕಿವಿಯಲ್ಲಿ ಸಣ್ಣಗೆ ಗಾಳಿಯಂಥದೊಂದು ಸುಳಿಯಿತು, ಅಷ್ಟೇ. ಹನ್ನೆರಡು ವರ್ಷ ಅವರ ಮಾತನ್ನೆಲ್ಲ ಕೇಳಿ ಕಲಿತ ಮಿಷನ್ನು ಒಳಗೆಲ್ಲ ತಡಕಾಡಿತು. ನೀರು ಕಾದದ್ದಕ್ಕೆ, ಜೋಳ ನೆನೆದದ್ದಕ್ಕೆ, ಬೆನ್ನು ನೋವಿಗೆ ಅದರಲ್ಲಿ ಮಾತಿತ್ತು. ಇದಕ್ಕೆ ಇರಲಿಲ್ಲ. ಅವಳು ಅವರನ್ನು ಒಂದು ದಿನವೂ ಹಾಗೆ ಕರೆದಿರಲಿಲ್ಲ, ಅವರು ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ.

“ಏನೂ ಬರಲಿಲ್ಲೇನ್ರಿ?” ಎಂದು ತಬಸ್ಸುಮ್ ಕೇಳಿದಳು.

“ಅವರ ಹೌದು,” ಎಂದು ಫಕೀರವ್ವ ಹೆಬ್ಬೆಟ್ಟು ಒತ್ತಿದಳು.

ಗದಗಿನ ಬಸ್ಸು ಸಂಜೆ ನಾಲ್ಕಕ್ಕಿತ್ತು. ಕಿಟಕಿಯ ಪಕ್ಕ ಅವಳು, ಈಚೆ ಮುತ್ತಣ್ಣ. ಅವನು ಟಿಕೆಟಿನ ಮಾತು ಆಡಿದ, ಕೈ ಜುಮುಜುಮು ಎನ್ನುತ್ತದೆ ಎಂದ. ಅವಳು ಒಂದೊಂದು ಮಾತಿಗೂ ಅವನ ತುಟಿ ನೋಡಿದಳು. ದನಿಯೂ ತುಟಿಯೂ ಕೂಡಿಯೇ ಬರುತ್ತಿದ್ದವು. ದನಿ ಅವಳು ನೆನಪಿಟ್ಟುಕೊಂಡದ್ದಕ್ಕಿಂತ ತುಸು ಒಡಕಾಗಿತ್ತು, ಅಪ್ಪನಷ್ಟು ತುಂಬಿದ್ದಲ್ಲ. ಇದೇ ನನ್ನ ಮಗನ ದನಿಯೇ ಎಂದು ಅವಳಿಗೆ ಒಮ್ಮೆ ಅನುಮಾನವೂ ಆಯಿತು, ಆ ಅನುಮಾನಕ್ಕೆ ಅವಳೇ ನಾಚಿಕೊಂಡಳು.

ಅಣ್ಣಿಗೇರಿಯಲ್ಲಿ ಬಸ್ಸು ನಿಂತಿತು. ಅರ್ಧ ಬಸ್ಸು ಕೆಳಗಿಳಿಯಿತು.

“ಮುತ್ಯಾ, ಈ ಮೂರು ತಿಂಗಳು ನೀ ನನ್ನ ಕೂಡ ಏನೇನ್ ಮಾತಾಡಿದ್ದಿ?” ಎಂದಳು ಫಕೀರವ್ವ. “ಎಲ್ಲಾ ಹೋತಲ್ಲ. ಒಂದೀಟು ಹೇಳು.”

“ಏನಿರತೈತವ್ವ. ಗಿರಣಿದು, ಕರೆಂಟಿಂದು.” ಟಿಕೆಟನ್ನು ಕಿಸೆಗೆ ಹಾಕಿಕೊಂಡು ಅವನೇ ಹೇಳಿದ. “ಅಪ್ಪನ ಫೋನಿಂದು ಹೇಳಿದ್ನಲ್ಲ. ಅದೊಂದ ದೊಡ್ಡದು.”

ಯಾವ ಫೋನು ಎಂದು ಅವಳಿಗೆ ತಿಳಿಯಲಿಲ್ಲ. ಅವನು ಮುಂದಿನ ಸೀಟಿನ ಕಬ್ಬಿಣ ನೋಡುತ್ತಿದ್ದ.

“ಅಮಾಸಿ ದಿನ. ಗಿರಣಿ ಬಂದ್ ಇತ್ತು, ಹಿತ್ತಲದಾಗ ಕುಂತಿದ್ವಿ. ಎಲ್ಲಾ ಹೇಳಿದೆ ನಿನಗ. ನೀ ಪೂರಾ ಕೇಳಿದಿ. ಕೇಳಿ ನಕ್ಕಿ, ನನ್ನ ತಲಿ ಮ್ಯಾಲೆ ಕೈ ಇಟ್ಟಿ. ಒಂದೂವರಿ ವರ್ಷ ಆಗಿತ್ತವ್ವ ನಾ ಸರಿ ನಿದ್ದಿ ಮಾಡಿ. ಅವತ್ತ ಮಲಗಿದೆ ನೋಡು.”

ಆ ಅಮಾವಾಸ್ಯೆ ಅವಳಿಗೆ ಚೆನ್ನಾಗಿ ನೆನಪಿತ್ತು. ಯಜಮಾನರು ಅಂದು ಬಹಳ ಹೊತ್ತು ಮಾತಾಡಿದ್ದರು. ಮದುವೆಯಾದ ಹೊಸದರಲ್ಲಿ ಇಬ್ಬರೂ ಕಪ್ಪತಗುಡ್ಡಕ್ಕೆ ಹೋಗಿ ದಾರಿ ತಪ್ಪಿದ ಕಥೆ, ಅವರು ನೂರು ಸಲ ಹೇಳಿದ್ದು. ಅವಳು ನಕ್ಕಿದ್ದಳು. ಎದುರಿಗೆ ಕೂತ ಮಗನ ತುಟಿ ಅಲುಗುತ್ತಿತ್ತೇ, ಅವನ ಕಣ್ಣಲ್ಲಿ ನೀರಿತ್ತೇ ಎಂದು ಈಗ ನೆನಪು ಮಾಡಿಕೊಳ್ಳಲು ನೋಡಿದರೆ ಬರೀ ಗುಡ್ಡದ ದಾರಿ ಕಾಣುತ್ತಿತ್ತು.

ಹೌದಪ್ಪ ಎಂದು ತಲೆಯಾಡಿಸಿದರೆ ಮುಗಿದುಹೋಗುತ್ತಿತ್ತು. ಅವನು ಇವತ್ತೂ ನಿದ್ದೆ ಮಾಡುತ್ತಿದ್ದ. ಕೇಳದ್ದನ್ನು ಕೇಳಿಸಿ ಮಿಷನ್ನು ಮೂರು ತಿಂಗಳು ಅವಳನ್ನು ಹಾಗೇ ನಡೆಸಿತ್ತು. ತಲೆಯಾಡಿಸಿದರೆ ಅವಳೂ ಮಗನನ್ನು ಹಾಗೆಯೇ ನಂಬಿಸಿ ನಡೆಸಬೇಕಾಗುತ್ತಿತ್ತು, ಅದೂ ಸಾಯುವ ತನಕ.

“ನನಗ ಅದು ಕೇಳಿಲ್ಲೋ ಮುತ್ಯಾ,” ಎಂದಳು. “ಅವತ್ತ ನಾ ನಕ್ಕಿದ್ದು ನಿನಗಲ್ಲ.”

ಅವನು ಅವಳ ಕಡೆ ತಿರುಗಿದ. ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಜನ ಹತ್ತಿದರು, ಬಸ್ಸು ಹೊರಟಿತು.

“ಈಗ ಹೇಳು.”

“ಈಗ ಹೇಳಿದ್ರ ನೀ ನಗಂಗಿಲ್ಲವ್ವ.”

“ಗೊತ್ತಿಲ್ಲಪ್ಪ. ಹೇಳು.”

ಹುಲಕೋಟಿ ದಾಟುವವರೆಗೂ ಅವನು ಬಾಯಿ ಬಿಡಲಿಲ್ಲ. ಫಕೀರವ್ವ ಅವನ ಕಡೆಗೆ ಪೂರ್ತಿ ತಿರುಗಿ ಕೂತು, ಮಿಷನ್ನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಯಾವ ದನಿಯೂ ನಡುವೆ ಬರಲಿಲ್ಲ.

“ಅವತ್ತ ಮುಂಜಾನೆ ಗಿರಣಿ ಮಾರೂದರ ಸಲುವಾಗಿ ಅಪ್ಪನ ಕೂಡ ಜಗಳಾಡಿ ಹೋಗಿದ್ದೆ,” ಎಂದ ಮುತ್ತಣ್ಣ. “ಎದಿ ನೋವು ಬಂದಾಗ ಅಪ್ಪ ನನಗ ನಾಲ್ಕ ಸಲ ಫೋನ್ ಹಚ್ಚಿದ್ದ. ನಾಲ್ಕೂ ಸಲ ನಾ ಹೆಸರು ನೋಡಿ, ಎತ್ತಲಿಲ್ಲ.”

ಅವಳಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.